ಹಣೆ ಅಗಲವಿದ್ದವರ ಪುಣ್ಯ

ನಟಿ ಸಾಧನಾ ಅವರಿಗೆ ಹಣೆ ಸ್ವಲ್ಪ ಅಗಲ. ಅದು ಅವರ ಮನೆಯೊಳಗಿನ ವಿಷಯವಾಗಿ ಉಳಿಯಬಹುದಿತ್ತು. ಆದರೆ 1960ರಲ್ಲಿ ತೆರೆಗೆ ಬಂದ ‘ಲವ್ ಇನ್ ಶಿಮ್ಲಾ’ ಚಿತ್ರದ ನಿರ್ದೇಶಕ ಆರ್. ಕೆ. ನಯ್ಯರ್ ಕ್ಯಾಮೆರಾದಲ್ಲಿ ಇಣುಕಿದಾಗ ಮೊದಲು ಹಣೆ ಕಂಡಿತು, ಆಮೇಲೆ ನಾಯಕಿ ಕಂಡರು. ಹಾಲಿವುಡ್ಡಿನ ಆಡ್ರಿ ಹೆಪ್‌ಬರ್ನ್ ಹಣೆಯ ಮೇಲೆ ಮುಂಗೂದಲು ಇಳಿಬಿಟ್ಟದ್ದು ನೆನಪಾಗಿ, ಇವರಿಗೂ ಹಾಗೇ ಕತ್ತರಿಸಿ ಎಂದರು. ಹಣೆ ಮುಚ್ಚಿತು, ಚಿತ್ರ ಓಡಿತು, ಮುಂದೆ ನಾಯಕಿ ಅದೇ ನಿರ್ದೇಶಕರ ಕೈ ಹಿಡಿದರು. ಎಲ್ಲ ಶುಭವಾಗಿ ಮುಗಿಯಿತು. ಮುಗಿಯದೆ ಉಳಿದದ್ದು ನಮ್ಮ ಸೋದರತ್ತೆಯ ಹಣೆಯ ಸಮಸ್ಯೆ.

ನಮ್ಮತ್ತೆಯ ಹಣೆ ಬರೀ ಎರಡು ಬೆರಳಗಲ. ನಮ್ಮ ವಂಶವೇ ಹಾಗೆ; ನೆತ್ತಿಯ ಕೂದಲು ಹುಬ್ಬನ್ನು ಮಾತಾಡಿಸುವಷ್ಟು ಹತ್ತಿರದಲ್ಲಿ ಹುಟ್ಟುತ್ತದೆ. ಇಂಥ ಹಣೆ ಹೊತ್ತು, ತಿಪಟೂರಿನ ನಡುಮನೆಯಲ್ಲಿ, ಹುಣಸೆಹಣ್ಣಿನ ನಾರು ಬಿಡಿಸುವ ಕತ್ತರಿಯಿಂದ ಅತ್ತೆ ಸಾಧನಾ ಕಟ್ ಮಾಡಿಕೊಂಡರು. ಸಾಧನಾಗೆ ಅರ್ಧ ಹಣೆ ಉಳಿದಿತ್ತು. ಅತ್ತೆಗೆ ಹಣೆ ಪೂರ್ತಿ ಹೋಗಿ, ಕೂದಲಿನಿಂದ ನೇರವಾಗಿ ಮೂಗು ಶುರುವಾಯಿತು. ಮನೆಯಲ್ಲಿ ಭೂಕಂಪವಾಗುತ್ತದೆ ಎಂದು ಎಲ್ಲರೂ ಕಾದರು. ಅಜ್ಜಿ ಕೂಗಾಡಲಿಲ್ಲ. ಮುಖವನ್ನೊಮ್ಮೆ ಅತ್ತಿತ್ತ ತಿರುಗಿಸಿ ನೋಡಿ, “ಕೂದ್ಲು ಬೆಳೆಯತ್ತೆ ಬಿಡು. ಅಲ್ಲೀವರ್ಗೂ ಕುಂಕುಮ ಎಲ್ಲಿಡ್ತೀಯೇ?” ಎಂದರಂತೆ. ಪ್ರಶ್ನೆ ನ್ಯಾಯವಾದದ್ದು. ಒಳಗಿಟ್ಟರೆ ಕಾಣುವುದಿಲ್ಲ, ಹೊರಗಿಡಲು ಜಾಗವಿಲ್ಲ. ಆ ಬೇಸಿಗೆ ಪೂರ್ತಿ ಅತ್ತೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಇನ್ನೂ ಇದೆ. ಕಪ್ಪು-ಬಿಳುಪಿನದಾದ್ದರಿಂದ ಮೂಗಿನ ಮೇಲಿನ ಗೆರೆಯನ್ನು ನೆರಳು ಎಂದು ಹೇಳಿಕೊಳ್ಳುವ ಅನುಕೂಲವಿದೆ.

ಹಳೇ ಫ್ಯಾಷನ್ನಿನ ಹುಚ್ಚು ಮತ್ತೆ ಕೆರಳಿರುವ ಈ ಕಾಲದಲ್ಲಿ ನನಗೆ ಈ ಫೋಟೋ ನೆನಪಾಗುತ್ತಲೇ ಇರುತ್ತದೆ. ಜಗತ್ತಿನ ದೊಡ್ಡ ದೊಡ್ಡ ಸ್ಟೈಲುಗಳನ್ನು ಬಗೆದು ನೋಡಿದರೆ ಬುಡದಲ್ಲಿ ಯಾರೋ ಒಬ್ಬರ ತಾಪತ್ರಯ ಸಿಗುತ್ತದೆ. ತಾಪತ್ರಯ ಅವರಲ್ಲೇ ಉಳಿದು, ಸ್ಟೈಲು ಮಾತ್ರ ಊರೂರಿಗೆ ಹೋಗುತ್ತದೆ.

ಆಡ್ರಿ ಹೆಪ್‌ಬರ್ನ್ ಅವರನ್ನೇ ತೆಗೆದುಕೊಳ್ಳಿ. ತುಂಬಾ ತೆಳ್ಳಗಿನ ಹೆಂಗಸು. ಕೊರಳ ಬುಡದ ಮೂಳೆಗಳ ನಡುವೆ ಗುಳಿ ಬೀಳುತ್ತಿತ್ತು. 1954ರ ‘ಸಬ್ರಿನಾ’ ಚಿತ್ರದಲ್ಲಿ ಫ್ರಾನ್ಸಿನ ವಸ್ತ್ರವಿನ್ಯಾಸಕ ಜಿವಾಂಶಿಯ ಉಡುಪೊಂದರ ಕತ್ತು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಅಡ್ಡಲಾಗಿ ಓಡಿ ಆ ಗುಳಿಯನ್ನು ಮರೆಮಾಡಿತು. ಕತ್ತಿಗೆ ಸಬ್ರಿನಾ ಎಂದೇ ಹೆಸರಾಯಿತು. ಅದರ ಹತ್ತಿರದ ಸಂಬಂಧಿಯೇ ಇವತ್ತು ನಮ್ಮ ಗಲ್ಲಿಗಲ್ಲಿಯ ಟೈಲರುಗಳು ಹೊಲಿಯುವ ಬೋಟ್ ನೆಕ್ ರವಿಕೆ. ಕೊರಳ ಮೂಳೆ ಎಲ್ಲಿದೆ ಎಂದು ಎಕ್ಸ್‌ರೇ ತೆಗೆದೇ ಪತ್ತೆ ಮಾಡಬೇಕಾದ ನಮ್ಮ ಬಂಧುಬಳಗದ ಹೆಂಗಸರೆಲ್ಲ ಮದುವೆ ಮನೆಗಳಲ್ಲಿ ಬೋಟ್ ನೆಕ್ ತೊಟ್ಟು ಬೇಯುತ್ತಾರೆ. “ಲಾಕರಿನಿಂದ ತಂದ ಅಡ್ಡಿಕೇನ ಈಗ ಎಲ್ಲಿ ಕಟ್ಟೋದು?” ಎಂದು ಸಂಕಟಪಡುವುದೂ ಅವರೇ. ಅಜ್ಜಿಯ ಕುಂಕುಮದ ಪ್ರಶ್ನೆ ಹಣೆಯಿಂದ ಇಳಿದು ಕೊರಳಿಗೆ ಬಂದಿದೆ, ಅಷ್ಟೆ.

ಹೆಪ್‌ಬರ್ನ್ ಅವರಿಂದ ಗಂಡಸರಿಗೇನೂ ಉಪಕಾರವಾಗಲಿಲ್ಲ ಎನ್ನುವಂತಿಲ್ಲ. 1953ರ ‘ರೋಮನ್ ಹಾಲಿಡೇ’ಯಲ್ಲಿ ಅವರು ವೆಸ್ಪಾ ಸ್ಕೂಟರಿನಲ್ಲಿ ರೋಮ್ ಸುತ್ತಿದ್ದು ಗ್ರೆಗರಿ ಪೆಕ್ ಜೊತೆ. ದೇವ್ ಆನಂದ್ ಅವರನ್ನು ಜನ ಭಾರತದ ಗ್ರೆಗರಿ ಪೆಕ್ ಎಂದರು. ಅವರ ಹಣೆಯ ಮೇಲೆ ಉಬ್ಬಿ ನಿಂತ ಕ್ರಾಪನ್ನು ದೇಶದ ಹುಡುಗರೆಲ್ಲ ಕೊಬ್ಬರಿಎಣ್ಣೆ ಹಚ್ಚಿ ನಿಲ್ಲಿಸಲು ಹೆಣಗಿದರು. ಅಂದರೆ ನಮ್ಮ ದೇಶದ ಒಂದಿಡೀ ತಲೆಮಾರಿನ ಮುಂಗೂದಲು, ಗಂಡಿನದೂ ಹೆಣ್ಣಿನದೂ, ಒಂದೇ ಸ್ಕೂಟರಿನಿಂದ ಇಳಿದು ಬಂದದ್ದು.

ಆದರೆ ಬರುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಹಾಲಿವುಡ್ಡಿನಿಂದ ಮುಂಬಯಿಗೆ, ಮುಂಬಯಿಯಿಂದ ಬೆಂಗಳೂರಿಗೆ, ಅಲ್ಲಿಂದ ಸವೆದು ಗೀರು ಬಿದ್ದ ಪ್ರಿಂಟಿನ ರೂಪದಲ್ಲಿ ನಮ್ಮ ಕಡೆಯ ಟೆಂಟಿಗೆ ಬರಬೇಕು. ಯಾವುದೇ ಫ್ಯಾಷನ್ ನಮ್ಮೂರಿನಲ್ಲಿ ನಾಮಕರಣ ಮಾಡಿಸಿಕೊಳ್ಳುವ ಹೊತ್ತಿಗೆ ಹುಟ್ಟಿದೂರಿನಲ್ಲಿ ಅದರ ವೈಕುಂಠ ಸಮಾರಾಧನೆಯೂ ಆಗಿರುತ್ತಿತ್ತು. ಹಾಗೆ ನೋಡಿದರೆ ನಾವು ಹುಟ್ಟಾ ವಿಂಟೇಜಿನವರು. ಕೆಲವಂತೂ ನಮ್ಮೂರಿನಲ್ಲಿ ಇಳಿಯಲೇ ಇಲ್ಲ. 1965ರ ‘ಮಿಸ್ ಲೀಲಾವತಿ’ಯಲ್ಲಿ ಜಯಂತಿಯವರು ಈಜುಡುಗೆ ತೊಟ್ಟು ನಾಡನ್ನೇ ಬೆಚ್ಚಿಬೀಳಿಸಿದರು. ನಮ್ಮೂರ ಕೆರೆಯ ಮೇಲೆ ಅದರಿಂದ ಯಾವ ಪರಿಣಾಮವೂ ಆಗಲಿಲ್ಲ.

ತಡವಾಗಿ ಬಂದರೂ ಭರ್ಜರಿಯಾಗಿ ಬಂದದ್ದು ಬೆಲ್ ಬಾಟಮ್. ಅದರ ತಾಪತ್ರಯ ಮೂಲತಃ ಹಡಗಿನ ನಾವಿಕರದು. ಡೆಕ್ಕು ತೊಳೆಯುವಾಗ ಮೊಣಕಾಲಿನ ಮೇಲಕ್ಕೆ ಸಲೀಸಾಗಿ ಮಡಚಿಕೊಳ್ಳಲಿ ಎಂದು ಅಷ್ಟು ಅಗಲ ಎನ್ನುತ್ತಾರೆ. ಅರವತ್ತರ ದಶಕದಲ್ಲಿ ಅಮೆರಿಕದ ಹುಡುಗರು ನೌಕಾಪಡೆ ಮಾರಿದ ಹಳೇ ಪ್ಯಾಂಟುಗಳನ್ನು ಅಗ್ಗಕ್ಕೆ ಕೊಂಡು ಹಾಕಿಕೊಂಡರು. ಸಮುದ್ರದಿಂದ ನೂರಾರು ಮೈಲಿ ದೂರದ ತೆಂಗಿನ ತೋಟದಲ್ಲಿದ್ದ ನಮ್ಮ ಚಿಕ್ಕಪ್ಪನೂ ಒಂದು ಹೊಲಿಸಿದ. ಪಾದದ ಬಳಿ ಸುತ್ತಳತೆ ಇಪ್ಪತ್ತೆಂಟು ಇಂಚು. ಅವನ ಸೊಂಟವೂ ಇಪ್ಪತ್ತೆಂಟೇ. ಟೈಲರು ಅಳತೆ ಪುಸ್ತಕದಲ್ಲಿ ಒಂದೇ ಅಂಕಿ ಎರಡು ಸಲ ಬರೆದು, ಅನುಮಾನ ಬಂದು ಮತ್ತೊಮ್ಮೆ ಟೇಪು ಹಿಡಿದನಂತೆ. ಪ್ಯಾಂಟು ನೆಲ ಗುಡಿಸುತ್ತಿದ್ದುದರಿಂದ ಅಂಚು ಸವೆಯದಿರಲಿ ಎಂದು ಕೆಳಗೆ ಸುತ್ತಲೂ ಹಿತ್ತಾಳೆಯ ಜಿಪ್ಪು ಹಚ್ಚುತ್ತಿದ್ದರು. ಏನನ್ನೂ ತೆರೆಯದ, ಏನನ್ನೂ ಮುಚ್ಚದ ಜಿಪ್ಪು! ನಡೆದರೆ ಸರಬರ ಸದ್ದು. ಚಿಕ್ಕಪ್ಪ ಎರಡನೇ ಆಟ ನೋಡಿ ಕಳ್ಳಹೆಜ್ಜೆಯಲ್ಲಿ ಬಂದರೂ ತಾತ ಹಾಸಿಗೆಯಿಂದಲೇ “ಬಂದ್ಯಾ?” ಎನ್ನುತ್ತಿದ್ದರು. ಇನ್ನು ಸೈಕಲ್ ಹತ್ತಿದರೆ ಆ ಅಗಲವೆಲ್ಲ ಚೈನಿಗೆ ಆಹಾರ. ಆದ್ದರಿಂದ ಹತ್ತುವ ಮೊದಲು ಎರಡೂ ಕಾಲಿಗೆ ರಬ್ಬರ್ ಬ್ಯಾಂಡ್. ಕಷ್ಟಪಟ್ಟು ಅಗಲ ಮಾಡಿಸಿದ್ದನ್ನು ಮತ್ತೆ ಕಷ್ಟಪಟ್ಟು ಬಿಗಿದುಕೊಂಡು ಹೋಗುವ ಈ ವೈಭವ ಯಾವ ನಾವಿಕನಿಗೂ ಹೊಳೆದಿರಲಾರದು. 2019ರಲ್ಲಿ ರಿಷಬ್ ಶೆಟ್ಟಿ ನಟಿಸಿದ ‘ಬೆಲ್ ಬಾಟಂ’ ಬಂದಮೇಲೆ ಅದನ್ನು ಮತ್ತೆ ಹೊಲಿಸಿದ ಹುಡುಗರನ್ನು ಕಂಡಿದ್ದೇನೆ. ಅವರು ಸ್ಕೂಟಿಯಲ್ಲಿ ಹೋಗುತ್ತಾರೆ, ಚೈನಿನ ಭಯವಿಲ್ಲ. ಅರ್ಧ ಸುಖ ಅಲ್ಲೇ ಹೋಯಿತು.

ಈ ಎಲ್ಲದರ ನಡುವೆ ಕನ್ನಡದ ಹೆಂಗಸರಿಗೆ ತಮ್ಮವರೇ ಆಗಿ ಸಿಕ್ಕಿದವರು ಮಿನುಗುತಾರೆ ಕಲ್ಪನಾ. ಮುಂಗೈವರೆಗೆ ಇಳಿದ ರವಿಕೆಯ ತೋಳು, ಎತ್ತರದ ತುರುಬು, ದಪ್ಪ ಬಳೆ. ಅವರ ಪಾತ್ರಗಳೋ, ಒಂದಕ್ಕಿಂತ ಒಂದು ದುಃಖದವು. 1967ರ ‘ಬೆಳ್ಳಿಮೋಡ’ದಲ್ಲಿ ಆಸ್ತಿ ಕೈತಪ್ಪಿತೆಂದು ಒಪ್ಪಿದ ಗಂಡು ಹಿಂದೆ ಸರಿಯುತ್ತಾನೆ, ‘ಶರಪಂಜರ’ದಲ್ಲಿ ಸುತ್ತಲಿನವರು ಸೇರಿ ಹೆಣ್ಣೊಬ್ಬಳ ಬುದ್ಧಿಯನ್ನೇ ಕೆಡಿಸುತ್ತಾರೆ. ಎರಡೂ ತ್ರಿವೇಣಿಯವರ ಕಾದಂಬರಿಗಳು, ಎರಡೂ ಪುಟ್ಟಣ್ಣ ಕಣಗಾಲರ ಕೈವಾಡ. ಹೆಂಗಸರ ಸಾಲಿನಲ್ಲಿ ಸೆರಗು ನೆನೆಯದವರಿರಲಿಲ್ಲ. ಆದರೆ ನಮ್ಮ ದೊಡ್ಡಮ್ಮ ಹೇಳುವಂತೆ, ಅತ್ತದ್ದು ಒಂದೇ ಕಣ್ಣು. ಇನ್ನೊಂದು ಕಣ್ಣು ತೋಳಿನ ಅಳತೆ ತೆಗೆದುಕೊಳ್ಳುತ್ತಿತ್ತು.

ದೊಡ್ಡಮ್ಮ ಸ್ಕೂಲ್ ಮೇಡಂ. ಕಲ್ಪನಾ ತೋಳಿನ ರವಿಕೆ ಹೊಲಿಸಲೇಬೇಕೆಂದು ಹೊರಟಾಗ ಬಟ್ಟೆಯ ಲೆಕ್ಕ ಅಡ್ಡ ಬಂತು. ನಮ್ಮ ಕಡೆ ರವಿಕೆ ಬಟ್ಟೆಯನ್ನು ಯಾರೂ ಅಂಗಡಿಗೆ ಹೋಗಿ ಕೊಳ್ಳುತ್ತಿರಲಿಲ್ಲ. ಗೌರಿ ಹಬ್ಬ, ಸೀಮಂತ, ಗೃಹಪ್ರವೇಶದ ತಾಂಬೂಲದ ಜೊತೆ ಬಂದ ಕಣಗಳೇ ಆಗಬೇಕು. ಅವು ಮನೆಯಿಂದ ಮನೆಗೆ ತಿರುಗುತ್ತ, ಕೊನೆಗೆ ಯಾರಿಗೋ ದಿಕ್ಕಿಲ್ಲದೆ ಹೊಲಿಸಲ್ಪಡುತ್ತಿದ್ದವು. ಒಂದು ಕಣದಲ್ಲಿ ಮೊಣಕೈಯಿಂದ ಮೇಲಿನ ತೋಳಿಗಷ್ಟೇ ಬಟ್ಟೆ ಬರುತ್ತದೆ. ಸ್ಟೈಲು ಮುಂಗೈವರೆಗೆ, ತಾಂಬೂಲ ಮೊಣಕೈವರೆಗೆ! ದೊಡ್ಡಮ್ಮ ಸೋಲಲಿಲ್ಲ. ಮೇಲಿನ ಅರ್ಧ ಹಸಿರು, ಕೆಳಗಿನ ಅರ್ಧ ಇನ್ನೊಂದು ಮನೆಯ ತಾಂಬೂಲದ ಕೆಂಪು. ಜೋಡಿಸಿದ ಗೆರೆ ಕಾಣದಂತೆ ಮೇಲೊಂದು ಜರಿ ಪಟ್ಟಿ. ಹಾಕಿಕೊಂಡು ಸ್ಕೂಲಿಗೆ ಹೋದರು. ಶನಿವಾರದ ಹೊತ್ತಿಗೆ ಇಬ್ಬರು ಮೇಡಂಗಳು ಟೈಲರಿಗೆ ಎರಡು ಬಣ್ಣದ ತೋಳು ಕೇಳಿದರು. ಅದರಲ್ಲೊಬ್ಬರ ಬಳಿ ಪೂರ್ತಿ ತೋಳಿಗಾಗುವಷ್ಟು ಬಟ್ಟೆ ಇತ್ತು. ಆದರೂ ಕತ್ತರಿಸಿ ಜೋಡಿಸಿ ಎಂದರಂತೆ. ಕಲ್ಪನಾ ಇದನ್ನು ಯಾವ ಚಿತ್ರದಲ್ಲೂ ತೊಟ್ಟಿರಲಿಲ್ಲ ಎಂದು ತಿಳಿದವರು ಹೇಳಿದರೂ ಕೇಳುವವರಿರಲಿಲ್ಲ. ಒಂದು ಮಳೆಗಾಲವಿಡೀ ಆ ಸ್ಕೂಲಿಗೆ ದೊಡ್ಡಮ್ಮನೇ ಮಿನುಗುತಾರೆ.

ರಾಜ್‌ಕುಮಾರ್ ಅವರ ವಿಷಯ ಬೇರೆ. 1968ರ ‘ಜೇಡರ ಬಲೆ’ಯಲ್ಲಿ ಸೂಟು ತೊಟ್ಟು, ಪಿಸ್ತೂಲು ಹಿಡಿದು ಸಿಐಡಿ 999 ಆದರು, ತೆರೆಯಿಂದಾಚೆ ಬಂದರೆ ಬಿಳಿ ಪಂಚೆ, ಬಿಳಿ ಅಂಗಿ. ಈಗಿನ ರೆಟ್ರೋ ಪಾರ್ಟಿಗಳಲ್ಲಿ ಎಲ್ಲರಿಗೂ ಸೂಟೇ ಬೇಕು. ನಮ್ಮ ಅಪಾರ್ಟ್‌ಮೆಂಟಿನ ರೆಟ್ರೋ ರಾತ್ರಿಯಲ್ಲಿ ಕೈಯಲ್ಲಿ ಪ್ಲಾಸ್ಟಿಕ್ ಪಿಸ್ತೂಲು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ ನಾಲ್ಕೈದು ಸಿಐಡಿಗಳು ಕತ್ತಲಲ್ಲಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಿದ್ದರು. ಮೂರನೇ ಮಹಡಿಯ ನಿವೃತ್ತ ಇಂಜಿನಿಯರ್ ಒಬ್ಬರು ಮಾತ್ರ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಅಣ್ಣಾವ್ರಾಗಿ ಬಂದರು. ಹೊಸ ಸೆಕ್ಯೂರಿಟಿ ಹುಡುಗ ಗೇಟಿನಲ್ಲೇ ತಡೆದು, “ಯಾವ ಮನೆಗೆ ಅಂಕಲ್? ಫೋನ್ ಮಾಡಿ ಕೇಳ್ಬೇಕು” ಎಂದ. ಅವರು ತಮ್ಮ ಮನೆಯ ನಂಬರೇ ಹೇಳಿದರು. ಅವನು ಫೋನ್ ಮಾಡಿದ. ಮನೆಯಲ್ಲಿ ಯಾರೂ ಎತ್ತಲಿಲ್ಲ, ಏಕೆಂದರೆ ಹೆಂಡತಿ ಒಳಗೆ ಪಾರ್ಟಿಯಲ್ಲಿ ಮುಮ್ತಾಜ್ ಆಗಿದ್ದರು.

ಮುಮ್ತಾಜ್ ಎಂದರೆ ‘ಬ್ರಹ್ಮಚಾರಿ’ (1968) ಚಿತ್ರದ ಕಿತ್ತಳೆ ಸೀರೆ. ಅದರ ವಿನ್ಯಾಸ ಭಾನು ಅಥಯ್ಯ ಅವರದು. ಮುಂದೆ ‘ಗಾಂಧಿ’ ಚಿತ್ರಕ್ಕೆ ಆಸ್ಕರ್ ತಂದವರು. ಶಮ್ಮಿ ಕಪೂರ್ ಜೊತೆ ಕುಣಿಯುವುದೆಂದರೆ ಸುಮ್ಮನೆ ಮಾತಲ್ಲ, ಸೀರೆ ಜಾರಬಾರದೆಂದು ಹೊಲಿದು ಜಿಪ್ಪು ಇಟ್ಟರು. ಅಲ್ಲೂ ಕಾರಣವಿತ್ತು. ಈಗ ಎದ್ದು ಕುಣಿಯುವ ಯಾವ ಅಂದಾಜೂ ಇಲ್ಲದವರಿಗಾಗಿ ಹೊಲಿದ ಸೀರೆ ಬಂದಿದೆ, ಅಂಟಿಸಿದರೆ ನಿಲ್ಲುವ ವೆಲ್ಕ್ರೋ ಪಂಚೆಯೂ ಬಂದಿದೆ. ಪಂಚೆ ಉಟ್ಟವನಿಗೆ ಎದ್ದಾಗಲೊಮ್ಮೆ ಅದನ್ನು ಬಿಚ್ಚಿ ಬಿಗಿದುಕೊಳ್ಳುವ ಗತ್ತಿತ್ತು. ವೆಲ್ಕ್ರೋದಲ್ಲಿ ಉಳಿದಿರುವುದು ಚರ್ ಎನ್ನುವ ಸದ್ದೊಂದೇ. ತುಂಬಿದ ಸಭೆಯಲ್ಲಿ ಆ ಸದ್ದು ಕೇಳಿದರೆ ಎಲ್ಲರೂ ಗಾಬರಿಯಿಂದ ತಿರುಗುತ್ತಾರೆ.

ನನ್ನ ಮಗಳಿಗೆ ಈ ನಕಲುಗಳು ಒಪ್ಪಿಗೆಯಿಲ್ಲ. ಅವಳಿಗೆ ಅಸಲಿ ವಿಂಟೇಜೇ ಬೇಕು, ಅದೂ ಮನೆತನದ್ದು. ನುಸಿಗುಳಿಗೆಯ ವಾಸನೆಯಲ್ಲಿ ಸೀನುತ್ತ ಟ್ರಂಕನ್ನೆಲ್ಲ ಜಾಲಾಡಿದಳು. ಸಿಕ್ಕಿದ್ದು ಚಿಕ್ಕಪ್ಪನ ಟೆರಿಕಾಟ್ ಅಂಗಿಗಳು. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್, ಡಿಕ್ಸನ್ ಎಂಬ ಇಬ್ಬರು ಟೆರಿಲಿನ್ ಎಂಬ ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರಲ್ಲ, ಅವರ ಪುಣ್ಯದಿಂದ ಆ ಅಂಗಿಗಳಿಗೆ ಸಾವಿಲ್ಲ. ಬೆವರು ಹೀರುವುದಿಲ್ಲ, ಹರಿಯುವುದಿಲ್ಲ, ಹುಳು ಕೂಡ ಮುಟ್ಟುವುದಿಲ್ಲ. ಚೆಂದದ ಹತ್ತಿ ಸೀರೆಗಳೆಲ್ಲ ಮೊದಲು ಮಗುವಿನ ಜೋಲಿಯಾಗಿ, ಆಮೇಲೆ ಕೌದಿಯಾಗಿ, ಕಡೆಗೆ ಒರೆಸುವ ಬಟ್ಟೆಯಾಗಿ ಮುಗಿದುಹೋಗಿವೆ. ಬೇಡವಾದದ್ದು ಉಳಿದು, ಬೇಕಾದದ್ದು ಹೋಗಿರುವುದನ್ನೇ ನಾವು ಪರಂಪರೆ ಎಂದು ಇಸ್ತ್ರಿ ಮಾಡಿಸುತ್ತಿದ್ದೇವೆಯೋ ಏನೋ.

ಕಡೆಗೆ ದೊಡ್ಡಮ್ಮನಿಗೆ ವಿಡಿಯೋ ಕಾಲ್ ಹೋಯಿತು. ಎಂಬತ್ತು ದಾಟಿದ ದೊಡ್ಡಮ್ಮ ಪರದೆಯ ತುಂಬ ಬರೀ ಕಿವಿಯನ್ನು ತೋರಿಸುತ್ತ ಮಾತಾಡಿದರು.

“ಅಜ್ಜಿ, ಆ ಹಸಿರು-ಕೆಂಪು ತೋಳಿನ ರವಿಕೆ ಇದ್ಯಾ?”

“ಅದೆಲ್ಲಿ ಇರತ್ತೆ ಪುಟ್ಟಿ, ಪಾತ್ರೆಯವಳಿಗೆ ಹಾಕ್ದೆ.”

“ಪಾತ್ರೆಯವಳು ಅಂದ್ರೆ?”

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ, ಬುಟ್ಟಿ ಹೊತ್ತು ಬೀದಿ ಬೀದಿ ತಿರುಗುತ್ತಿದ್ದ ಹೆಂಗಸರ ವಿಚಾರವನ್ನು ನಾನು ಮಧ್ಯೆ ಬಾಯಿ ಹಾಕಿ ವಿವರಿಸಬೇಕಾಯಿತು. ಮಗಳ ಮುಖ ಬಾಡಿತು. “ಅದರ ಜೊತೆ ಉಡ್ತಿದ್ದ ಸೀರೆ?”

“ಅದೂ ಹಾಕ್ದೆ. ಈಗ್ಲೂ ಹಾಲು ಕಾಯ್ಸೋದು ಅದ್ರಲ್ಲೇ, ನೋಡು” ಎಂದು ದೊಡ್ಡಮ್ಮ ಫೋನನ್ನು ಒಲೆಯ ಕಡೆ ತಿರುಗಿಸಿದರು. ಫಳಫಳ ಹೊಳೆಯುವ ಸ್ಟೀಲ್ ತಪ್ಪಲೆ. ಮಗಳು ಅದನ್ನೇ ಸ್ಕ್ರೀನ್‌ಶಾಟ್ ತೆಗೆದುಕೊಂಡಳು.

“ಅಜ್ಜಿ, ಅಷ್ಟು ಒಳ್ಳೇ ಸೀರೆ ಕೊಟ್ಟಾಗ ಬೇಜಾರಾಗ್ಲಿಲ್ವಾ?”

“ಬೇಜಾರ್ಯಾಕೆ? ಅವಳು ಮೂರು ಸೀರೆ ಕೇಳಿದ್ಲು. ನಾನು ಒಂದೇ ಸೀರೆ, ಮೇಲೊಂದು ರವಿಕೆ ಅಂತ ಮಧ್ಯಾಹ್ನದವರ್ಗೂ ಕೂತು, ಮುಚ್ಚಳಾನೂ ಸೇರಿಸಿ ತಗೊಂಡೆ!”