ಒಂದಕ್ಕೆ ನಾಲ್ಕು ಸೇರಿಸುವ ಪೆಟ್ಟಿಗೆ

ನಮ್ಮ ಬಡಾವಣೆಯ ಮಿತ್ರರೊಬ್ಬರು ಮಹಡಿ ಮೇಲಿನ ಕೋಣೆಯನ್ನು ಹೋಮ್ ಥಿಯೇಟರ್ ಮಾಡಿಕೊಂಡಿದ್ದಾರೆ. ಗೋಡೆಗೆ ಕಪ್ಪು ಬಣ್ಣ, ಕಿಟಕಿಗೆ ಕಪ್ಪು ಪರದೆ. ಮೊದಲ ಸಲ ಹೋದಾಗ ಮಾಟಗಾರನ ಮನೆ ಹೊಕ್ಕೆನೇನೋ ಅನ್ನಿಸಿತು. ನಡುವೆ, ದೇವರನ್ನು ಕೂರಿಸಿದಂತೆ, ಒಂದು ಡಿಸ್ಕ್ ಪ್ಲೇಯರ್. "ಮಾಮೂಲಿದಲ್ಲ ಸಾರ್, ಒಳಗಿರೋ ವಿಡಿಯೋ ಪ್ರೊಸೆಸರೇ ಬೇರೆ" ಎಂದು ಬೆಲೆ ಹೇಳಿದರು. ನಾನು ಕೂತೆ. ಆಮೇಲೆ ಅದರ ಬಾಯಿಗೆ, ಮೋಸರ್ ಬೇರ್ ಕಂಪನಿ ಅಗ್ಗದ ಡಿವಿಡಿ ಮಾರುತ್ತಿದ್ದ ಕಾಲದಲ್ಲಿ 34 ರೂಪಾಯಿಗೆ ಕೊಂಡಿದ್ದ ಹಳೇ ಸಿನಿಮಾದ ಡಿವಿಡಿ ಇಟ್ಟರು.

ಆ ಪ್ರೊಸೆಸರ್ ಮಾಡುವ ಕೆಲಸದ ಲೆಕ್ಕ ಸುಲಭ. ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಒಂದು ಚೌಕಟ್ಟಿಗೆ 720ಕ್ಕೆ 576, ಅಂದರೆ 4,14,720 ಚುಕ್ಕಿ. ಫುಲ್ ಎಚ್‌ಡಿ ಪರದೆ ಕೇಳುವುದು 20,73,600. ಸರಿಯಾಗಿ ಐದು ಪಟ್ಟು. ಡಿಸ್ಕಿನಲ್ಲಿರುವುದು ಒಂದು, ಪ್ರೊಸೆಸರ್ ಊಹಿಸಿ ಸೇರಿಸುವುದು ನಾಲ್ಕು. ಒಂದಕ್ಕೆ ನಾಲ್ಕು ಸೇರಿಸಿ ಹೇಳುವುದನ್ನು ನಮ್ಮ ಬೀದಿಯಲ್ಲಿ ಚಾಡಿ ಅನ್ನುತ್ತಾರೆ, ಅಂಗಡಿಯಲ್ಲಿ ಅಪ್‌ಸ್ಕೇಲಿಂಗ್ ಅನ್ನುತ್ತಾರೆ. ಮಿತ್ರರದು 4ಕೆ ಟಿವಿ. ಅಲ್ಲಿ ಒಂದಕ್ಕೆ ಹತ್ತೊಂಬತ್ತು.

ಚಾಡಿಯಲ್ಲೂ ಕಲೆಯಿದೆ, ಸುಳ್ಳು ಹೇಳಬಾರದು. ಡಿವಿಡಿ ಚಿತ್ರವನ್ನು ಕಂತಿನಲ್ಲಿ ಕೊಡುತ್ತದೆ: ಮೊದಲು ಬೆಸ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದು ಸಮ ಗೆರೆಗಳು. ಸಿನಿಮಾ ರೀಲಿನಿಂದ ಬಂದದ್ದಾದರೆ ಎರಡೂ ಕಂತು ಒಂದೇ ಚೌಕಟ್ಟಿನವು, ಹೆಣೆದರೆ ಮುಗಿಯಿತು. ವಿಡಿಯೋ ಕ್ಯಾಮೆರಾದ ಮದುವೆ ಚಿತ್ರೀಕರಣವಾದರೆ ಅಷ್ಟರೊಳಗೆ ಮದುಮಗ ಅಲ್ಲಾಡಿರುತ್ತಾನೆ. ಹಾಗೇ ಹೆಣೆದರೆ ಅವನ ತೋಳಿನಂಚಿಗೆ ಬಾಚಣಿಗೆ ಹಲ್ಲು ಮೂಡುತ್ತವೆ. ಯಾವುದು ರೀಲು, ಯಾವುದು ವಿಡಿಯೋ ಎಂದು ಕಣ್ಮುಚ್ಚಿ ಬಿಡುವಷ್ಟರಲ್ಲಿ ಗುರುತಿಸುವುದು ಪ್ರೊಸೆಸರಿನ ನಿಜವಾದ ಜಾಣತನ. ಈವ್ ಫರೂಜಾ ಎಂಬಾತ ಹೆಸರು ಮಾಡಿದ್ದು ಈ ಬಗೆಯ ಕೆಲಸದಲ್ಲೇ. ಒಂದು ಕಾಲದಲ್ಲಿ ಪ್ಲೇಯರಿನ ಮುಖದ ಮೇಲೆ ಆ ಹೆಸರಿದ್ದರೆ ಅದರ ಗತ್ತೇ ಬೇರೆ.

ಬ್ಲೂ-ರೇ ಬಂದು ಪ್ರೊಸೆಸರ್ ಎಂಬ ಈ ಪಂಡಿತನ ಅನ್ನಕ್ಕೆ ಕಲ್ಲು ಹಾಕಿತು. ಅದರಲ್ಲಿ ಸಿನಿಮಾ ಸಾಮಾನ್ಯವಾಗಿ 1920ಕ್ಕೆ 1080 ಚುಕ್ಕಿಯಲ್ಲಿ, ಸೆಕೆಂಡಿಗೆ 24 ಚೌಕಟ್ಟಿನಂತೆ, ಇಡಿಯಾಗಿ ಕೂತಿರುತ್ತದೆ. ಬಿಚ್ಚಿ ಟಿವಿಗೆ ದಾಟಿಸಿದರೆ ಆಯಿತು; ಅಗ್ಗದ ಪೆಟ್ಟಿಗೆಯೂ ಮಾಡುತ್ತದೆ. (ಬಣ್ಣ ಮಾತ್ರ ನಾಲ್ಕು ಚುಕ್ಕಿಗೆ ಒಂದೇ ಪಾಲು, ಅದನ್ನು ಹಂಚುವ ಕೆಲಸ ಉಳಿದಿದೆ. ಹಂಚಿಕೆಯಲ್ಲಿ ಮೋಸವಾಗಿದೆಯೇ ಎಂದು ನೋಡಲು ಪರದೆಗೆ ಮೂಗು ತಾಗಿಸಬೇಕು.)

ಆದರೂ, ಈಗ ನಮಗೆ ಸೆಲ್ಫಿ ಫೋನಿನಿಂದ ಪರಿಚಯವಿರುವ ಒಪ್ಪೋ ಹೆಸರಿನಲ್ಲೇ 2009ರಲ್ಲಿ ಬಿಡಿಪಿ-83 ಎಂಬ ಬ್ಲೂ-ರೇ ಪ್ಲೇಯರ್ ಬಂತು. ಒಳಗೆ ಆಂಕರ್ ಬೇ ಕಂಪನಿಯ ಹೆಸರಾಂತ ಪ್ರೊಸೆಸರ್. ಜೊತೆಗೆ ‘ಸೋರ್ಸ್ ಡೈರೆಕ್ಟ್’ ಎಂಬ ಆಯ್ಕೆ: ಡಿಸ್ಕಿನಲ್ಲಿದ್ದ ಗಾತ್ರ ಬದಲಿಸದೆ ಚಿತ್ರವನ್ನು ಹೊರಗೆ ಬಿಡುವುದು. ಭಟ್ಟರಿಗೆ ವೀಳ್ಯ ಕೊಟ್ಟು ಕರೆಸಿ, ಊಟ ಹೋಟೆಲಿನಿಂದ ತರಿಸಿದ ಹಾಗೆ. ರಸಿಕರು ಎರಡನ್ನೂ ಕೊಂಡಾಡಿದರು. 2018ರಲ್ಲಿ ಒಪ್ಪೋ ಪ್ಲೇಯರ್ ತಯಾರಿಕೆಯನ್ನೇ ನಿಲ್ಲಿಸಿತು.

ಇತ್ತ ಟಿವಿಯೊಳಗೂ ಒಬ್ಬ ಭಟ್ಟನಿದ್ದಾನೆ. ಪ್ಲೇಯರ್ ಅಂಚು ಚೂಪಾಗಿಸುವ ಉಪ್ಪು ಹಾಕಿದ್ದು ಅವನಿಗೆ ಗೊತ್ತಿಲ್ಲ, ತಾನೂ ಒಂದು ಹಿಡಿ ಹಾಕುತ್ತಾನೆ. 24 ಚೌಕಟ್ಟುಗಳ ನಡುವೆ ತನ್ನವೇ ಚೌಕಟ್ಟು ತುರುಕಿ ಓಟವನ್ನು ಎಣ್ಣೆ ಹಚ್ಚಿದಷ್ಟು ನಯ ಮಾಡುತ್ತಾನೆ. ಕೋಟಿ ಸುರಿದ ಯುದ್ಧದ ದೃಶ್ಯ ಸಂಜೆ ಏಳರ ಸೀರಿಯಲ್ಲಿನಂತೆ ಕಾಣುತ್ತದೆ. ವಿಮಾನಕ್ಕೆ ಜೋತುಬಿದ್ದರೂ ಹೆದರದ ಟಾಮ್ ಕ್ರೂಸ್ 2018ರ ಡಿಸೆಂಬರಿನಲ್ಲಿ ವಿಡಿಯೋ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಎಂದು ಬೇಡಿಕೊಂಡ.

ಮಿತ್ರರಲ್ಲಿ ಪ್ಲೇಯರಿನ ಕೈಚಳಕ, ಟಿವಿಯ ಕೈಚಳಕ ಎರಡೂ ಆನ್ ಇದ್ದವು. ಪರದೆಯ ಮೇಲೆ ನಾಯಕಿ ಬಾವಿಕಟ್ಟೆಗೆ ಬಂದಳು. ಸೀರೆಯಂಚಿನಲ್ಲಿ ಬೆಳ್ಳನೆಯ ಗೆರೆ ಫಳಫಳ ಹೊಳೆಯಿತು. "ನೋಡಿ ಸಾರ್, ಜರಿ! ಹಳೇ ಪ್ಲೇಯರಲ್ಲಿ ಇದು ಕಾಣ್ತಾನೇ ಇರಲಿಲ್ಲ."

ಕಾಫಿ ತಂದ ಅವರ ಮನೆಯವರು ಬಾಗಿಲಲ್ಲೇ ನಿಂತು ಒಂದು ಗಳಿಗೆ ನೋಡಿದರು. "ಅದು ನೂಲಿನ ಸೀರೆ ಕಣ್ರೀ. ಬಿಂದಿಗೆಗೂ ಜರಿ ಇದೆಯಲ್ಲ, ಅದ್ಯಾರು ಹಾಕಿಸಿದ್ದು?"

ಮಿತ್ರರು ರಿಮೋಟ್ ಎತ್ತಿಕೊಂಡು ಶಾರ್ಪ್‌ನೆಸ್ ಇನ್ನೆರಡು ಗೆರೆ ಏರಿಸಿದರು.