ಲೋಡುಶಾಸ್ತ್ರ: ಶಹಾಬಾದ್ ಪರಸಿಯ ಮೇಲೆ ಸುಪ್ತ ಬದ್ಧಕೋನಾಸನ

ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯಲ್ಲಿ ಸುಖವಾಗಿ ಅಡ್ಡಾಗುವ ವಿದ್ಯೆಗೆ ವಿದ್ವತ್‌ವಲಯ ಇನ್ನೂ ಮನ್ನಣೆ ಕೊಟ್ಟಂತಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗಲು ಹೊರಟಿದೆ.

ಪೂರ್ವಪಕ್ಷವನ್ನು ಓಣಿಯ ಮುತ್ಯಾ ಕಟ್ಟೆಯ ಮೇಲಿಂದಲೇ ಮಂಡಿಸುತ್ತಾನೆ: "ಮಕ್ಕೊಳ್ಳಾಕ ಇಷ್ಟೆಲ್ಲಾ ಸಾಮಾನ ಯಾಕ ಬೇಕೋ ತಮ್ಮಾ?"

ಆಕರಗಳು ಮುತ್ಯಾನ ಕಡೆಗೇ ಇವೆ. ಹಠಯೋಗಪ್ರದೀಪಿಕೆ ಶವಾಸನವನ್ನು ಒಂದೇ ಶ್ಲೋಕದಲ್ಲಿ ಮುಗಿಸುತ್ತದೆ, ದಿಂಬಿನ ಸುದ್ದಿ ಎತ್ತುವುದಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಸೇಡಂ ತಾಲ್ಲೂಕಿನಲ್ಲೇ ಇದೆ. ಆದರೆ ಅಲ್ಲಿನ ಆಸ್ಥಾನದ ಕವಿರಾಜಮಾರ್ಗ ವಿಚಾರಿಸುವುದು ಕಾವ್ಯದ ಗುಣದೋಷ, ಮೊಣಕಾಲಿನದಲ್ಲ. ಹೀಗೆ ಪ್ರಾಚೀನರು ಕೈಕೊಟ್ಟಾಗ ಸಂಶೋಧಕ ಕೋಲಾರ ಜಿಲ್ಲೆಯ ಬೆಳ್ಳೂರಿನ ದಾರಿ ಹಿಡಿಯಬೇಕು. 1918ರಲ್ಲಿ ಅಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಎಳವೆಯಲ್ಲೇ ಮಲೇರಿಯಾ, ಕ್ಷಯ, ಟೈಫಾಯ್ಡ್ ಎಲ್ಲ ಉಂಡವರು. ಮುಂದೆ ಪುಣೆಯಲ್ಲಿ ಲೋಡು, ಪಟ್ಟಿ, ಕಂಬಳಿ, ಕುರ್ಚಿಗಳಿಗೂ ಯೋಗದೀಕ್ಷೆ ಕೊಟ್ಟರು. 1952ರಲ್ಲಿ ಮುಂಬೈಗೆ ಬಂದಿದ್ದ ಪಿಟೀಲುವಾದಕ ಯೆಹೂದಿ ಮೆನುಹಿನ್ ದಣಿದು ಹೋಗಿದ್ದರು. ಅಯ್ಯಂಗಾರ್ ಶವಾಸನದಲ್ಲಿ ಮಲಗಿಸಿದರು. ಮೆನುಹಿನ್ ಗಂಟೆ ಹೊತ್ತು ನಿದ್ದೆ ಹೊಡೆದರು. ಮಲಗಲಿಕ್ಕೂ ಗುರು ಬೇಕೆಂಬುದಕ್ಕೆ ಪ್ರಮಾಣ ಸಿಕ್ಕಂತಾಯಿತು.

ಇನ್ನು ಪ್ರಯೋಗ. ನೆಲಕ್ಕೆ ಶಹಾಬಾದ್ ಪರಸಿ, ಅಂದರೆ ಪದರುಪದರಾಗಿ ಏಳುವ ಸುಣ್ಣಕಲ್ಲು. ವಾಡಿ, ಸೇಡಮ್ಮಿನ ಕಾರ್ಖಾನೆಗಳು ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುತ್ತವೆ. ಸುಡದೆ ಉಳಿದದ್ದು ಮೇ ತಿಂಗಳಲ್ಲಿ ಬೆನ್ನಿಗೆ ತಂಪು. ಒಂದೇ ತಕರಾರು: ಪಾಲಿಶ್ ಆದ ಪರಸಿಯ ಮೇಲೆ ಲೋಡು ಹಿಂದಕ್ಕೆ ಜಾರುತ್ತದೆ. ಕೆಳಗೆ ಜಮಖಾನೆ ಹಾಸಿ, ಲೋಡಿನ ಆಚೆ ತುದಿಯನ್ನು ಗೋಡೆಗೆ ಹಚ್ಚಬೇಕು.

ಈಚೆ ತುದಿಗೆ ಸೊಂಟ ತಾಗಿಸಿ ಕೂತು, ಅಂಗಾಲಿಗೆ ಅಂಗಾಲು ಕೂಡಿಸಿ, ಉದ್ದಕ್ಕಿಟ್ಟ ಲೋಡಿನ ಮೇಲೆ ಮೆಲ್ಲಗೆ ಒರಗುವುದು. ತಲೆಯ ಕೆಳಗೆ ಮಡಿಸಿದ ಟವೆಲ್. ಗದ್ದ ಹಣೆಗಿಂತ ತುಸು ತಗ್ಗಿನಲ್ಲಿರಲಿ. ಸಿದ್ಧಾಂತ ನಿಂತಿರುವುದು ಕೌದಿಯ ಮೇಲೆ. ತೊಡೆಗಳಿಗೆ ಆಸರೆ ಇಲ್ಲದಿದ್ದರೆ ಒಳತೊಡೆಯ ಸ್ನಾಯು ಭಾರ ಹಿಡಿದುಕೊಂಡೇ ಇರುತ್ತದೆ. ಮಲಗಿದವನು ಮಲಗಿ ದುಡಿಯುತ್ತಾನೆ. ಎರಡೂ ಬದಿಗೆ ಮಡಿಸಿದ ಕೌದಿ ತುರುಕಿದರೆ ಭಾರ ಬಟ್ಟೆಗೆ ಇಳಿದು ಸ್ನಾಯು ಸಡಿಲುತ್ತದೆ. ಹಳೆ ಸೀರೆ, ಧೋತರದ ಪದರು ಕೂಡಿಸಿ ಹೊಲಿದ ಕೌದಿ ಸ್ಪಂಜಿನ ಹಾಗೆ ಕುಸಿಯುವುದಿಲ್ಲ. ಒಂದು ಮೊಣಕಾಲು ಮೇಲೆಯೇ ಉಳಿದರೆ ಅಲ್ಲಿ ಇನ್ನೊಂದು ಮಡಿಕೆ. ನಡ ಹಿಡಿದರೆ ಕುಂಡಿಯ ಕೆಳಗೂ ಒಂದು. ಮುತ್ಯಾನಿಗೆ ಕೊಡಬಹುದಾದ ಉತ್ತರ ಇಷ್ಟೇ.

ಹತ್ತು ನಿಮಿಷವಾದ ಮೇಲೆ ಮೊಣಕಾಲುಗಳನ್ನು ಕೈಯಿಂದ ಎತ್ತಿ ಕೂಡಿಸಿ, ಬಲಕ್ಕೆ ಹೊರಳಿ, ನೆಲಕ್ಕೆ ಕೈಯೂರಿ ಏಳಬೇಕು. ಜೋಳದ ರೊಟ್ಟಿ, ತೊಗರಿ ಬ್ಯಾಳಿ ಉಂಡ ಕೂಡಲೇ ಪ್ರಯೋಗಕ್ಕಿಳಿದವರ ಗೊರಕೆಯನ್ನು ಸಮಾಧಿಯ ಲೆಕ್ಕಕ್ಕೆ ಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಲಾಗಿದೆ.