ಕಮ್ ಕರೋ ರಾಯರು

ರಾಯರು ಮನೆಯೊಳಗೆ ಕನ್ನಡ ಮಾತಾಡುತ್ತಾರೆ. ದೇವರ ಮುಂದೆ ಸಂಸ್ಕೃತ, ಬೆಂಗಳೂರಿನಿಂದ ಬರುವ ಮೊಮ್ಮಗಳ ಹತ್ತಿರ ಇಂಗ್ಲಿಷು, ಸಿಟ್ಟು ಬಂದರೆ ಮತ್ತೆ ಕನ್ನಡ. ಬಟ್ಟೆಚೀಲ ಹಿಡಿದು ಗೇಟಿನ ಚಿಲಕ ತೆಗೆದರೋ, ಅಲ್ಲಿಂದಾಚೆ ಹಿಂದಿ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ನೆನಪಿರುವುದು ಪೋಸ್ಟ್‌ಮ್ಯಾನ್ ಒಬ್ಬನಿಗೆ. ಉಳಿದ ನಮಗೆಲ್ಲ ಅವರು ಕಮ್ ಕರೋ ರಾಯರು.

ಇಂಥವರು ಗುಬ್ಬಿಯಲ್ಲೂ ಇದ್ದಾರೆ, ಕುಣಿಗಲ್ಲಿನಲ್ಲೂ ಇದ್ದಾರೆ. ಅಲ್ಲಿಯವರು ಟೀವಿ ನೋಡಿ ಕಲಿತವರು, ಬಿಡಿ. ನಮ್ಮವರದು ಸರ್ಕಾರಿ ಖರ್ಚಿನಲ್ಲಿ ಆದ ಹಿಂದಿ. ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದವರು. ಬಡ್ತಿ ಕೊಟ್ಟು ಕಾನ್ಪುರಕ್ಕೆ ಹಾಕಿದ್ದರು. ಮೂರು ವರ್ಷ ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು, ಅಲ್ಲಿ ಸ್ವಂತ ಅಡುಗೆ ಮಾಡಿಕೊಂಡು, ಸಾರಿನ ಪುಡಿಯ ಡಬ್ಬ ಖಾಲಿಯಾಗುವ ಮೊದಲು ರಜಾ ಹಾಕಿ ಊರಿಗೆ ಬರುತ್ತಿದ್ದರು. ಕಾನ್ಪುರ ಅವರಿಗೆ ಕೊಟ್ಟಿದ್ದು ಒಂದು ಉಣ್ಣೆ ಟೋಪಿ ಮತ್ತು ಹಿಂದಿ. ಟೋಪಿಯನ್ನು ನುಸಿ ತಿಂದಿತು.

ಆ ಹಿಂದಿ ಕೂಡ ಕಾನ್ಪುರದ ಬೀದಿಯದ್ದಲ್ಲ, ಬ್ಯಾಂಕಿನ ಗೋಡೆಯದು. ಬ್ಯಾಂಕುಗಳ ಬಾಗಿಲಲ್ಲಿ 'ಆಜ್ ಕಾ ಶಬ್ದ್' ಅಂತ ಒಂದು ಹಲಗೆ ಇರುತ್ತದಲ್ಲ, ದಿನಕ್ಕೊಂದು ಪದ ಬರೆದಿರುತ್ತಾರೆ, ಗಿರಾಕಿಗಳು ಅದರ ಮೇಲೆ ಕೊಡೆ ಒರಗಿಸಿ ಒಳಗೆ ಹೋಗುತ್ತಾರೆ. ಭೂಮಂಡಲದಲ್ಲಿ ಆ ಹಲಗೆಯನ್ನು ದಿನಾ ಓದಿದವರು ಯಾರಾದರೂ ಇದ್ದರೆ ಅದು ರಾಯರೇ. ಸಂವಿಧಾನ ಸಭೆ 1949ರ ಸೆಪ್ಟೆಂಬರ್ 14ರಂದು ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆಯಾಗಿ ಒಪ್ಪಿದ ನೆನಪಿಗೆ ಬ್ಯಾಂಕುಗಳು ಪ್ರತಿವರ್ಷ ಹಿಂದಿ ದಿವಸ ಮಾಡುತ್ತವೆ. ಅಲ್ಲಿನ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ಸ್ಟೀಲ್ ಊಟದ ಕ್ಯಾರಿಯರ್ ಈಗಲೂ ಅವರ ಮನೆಯ ಷೋಕೇಸಿನಲ್ಲಿದೆ; ಅದರಲ್ಲಿ ಯಾರೂ ಊಟ ಮಾಡುವಂತಿಲ್ಲ.

ಹೀಗಾಗಿ ಸೊಪ್ಪಿನ ಗಾಡಿಯ ಮುಂದೆ ನಿಂತು ಅವರು "ಕಮ್ ಕರೋ", ಅಂದರೆ ಕಡಿಮೆ ಮಾಡು, ಅನ್ನುವುದು ಬರೀ ಪೀಠಿಕೆ. ಆಮೇಲೆ ಬರುವುದು ಆಫೀಸಿನ ಕಡತ. "ಭಯ್ಯಾ, ಇಸ್ ದರ್ ಪರ್ ಪುನರ್ವಿಚಾರ್ ಕೀಜಿಯೇ." ಗಾಡಿಯವನು ಗುಬ್ಬಿ ತಾಲ್ಲೂಕಿನವನು. ಅಂತರಸನಹಳ್ಳಿ ಮಾರ್ಕೆಟ್ಟಿನಿಂದ ಬೆಳಗಿನ ಜಾವ ಎತ್ತಿಕೊಂಡು ಬಂದ ಸೊಪ್ಪು ಬಾಡುವುದರೊಳಗೆ ಮಾರಬೇಕು. ದರದ ಮರುಪರಿಶೀಲನೆಗೆ ಅವನಿಗೆ ಪುರಸೊತ್ತಿಲ್ಲ. "ಇಪ್ಪತ್ತಕ್ಕೆ ಮೂರು ಕಟ್ಟು ಸಾ, ಹಾಕ್ಲಾ?" ಎಂದು ಚೀಲದ ಬಾಯಿ ತಾನೇ ಬಿಡಿಸುತ್ತಾನೆ. ದೊಡ್ಡ ಅಂಗಡಿಯಲ್ಲಾದರೆ ಮಾಲೀಕರನ್ನು ಕರೆಯಿರಿ ಎನ್ನುವ ಬದಲು "ಸಕ್ಷಮ್ ಅಧಿಕಾರಿ ಕೋ ಬುಲಾಯಿಯೇ" ಅನ್ನುತ್ತಾರೆ. ಪಾತ್ರೆ ಅಂಗಡಿಯ ಹುಡುಗ ಒಮ್ಮೆ ಇದನ್ನು ಕೇಳಿ ಇನ್‌ಕಮ್ ಟ್ಯಾಕ್ಸಿನವರು ಬಂದರೆಂದು ಒಳಗೆ ಓಡಿದ್ದನ್ನು ನಾನೇ ಕಂಡಿದ್ದೇನೆ.

ಯಾಕೆ ಸಾರ್ ಹಿಂದಿ, ಅಂತ ಕೇಳಿದವರಿಗೆ ರಾಯರು ತಮ್ಮ ಸಿದ್ಧಾಂತ ಬಿಡಿಸಿ ಹೇಳುತ್ತಾರೆ. "ಕನ್ನಡದಲ್ಲಿ ಕೇಳಿದರೆ, ಇವನು ಇಲ್ಲೇ ಪಕ್ಕದ ರಸ್ತೆಯವನು, ನಾಳೆಯೂ ಬರ್ತಾನೆ, ಇನ್ನೆಲ್ಲಿ ಹೋಗ್ತಾನೆ ಅಂತ ಅಸಡ್ಡೆ. ಇಂಗ್ಲಿಷಿನಲ್ಲಿ ಕೇಳಿದರೆ ದುಡ್ಡಿದೆ ಅಂದ್ಕೊಂಡು ಎರಡರಷ್ಟು ಹೇಳ್ತಾರೆ. ಹಿಂದಿಯಲ್ಲಿ ಕೇಳಿ ನೋಡಿ. ಇವನು ಸೂರತ್ತು, ಲೂಧಿಯಾನದ ಹೋಲ್‌ಸೇಲ್ ರೇಟು ಕಂಡವನು, ಇವನ ಹತ್ತಿರ ಆಟ ಬೇಡ ಅಂತ ಹೆದರ್ತಾರೆ."

ಹೆದರುತ್ತಾರೋ ಇಲ್ಲವೋ ನೋಡಬೇಕೆಂದರೆ ಅವರ ಹಿಂದೆ ಚಿಕ್ಕಪೇಟೆಗೆ ಹೋಗಬೇಕು. ಅಲ್ಲೊಂದು ಬಟ್ಟೆ ಅಂಗಡಿ. ಮಾಲೀಕರ ತಾತ ರಾಜಸ್ಥಾನದಿಂದ ಬಂದವರು. ಮಾಲೀಕರು ತುಮಕೂರಿನಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲೇ ತಲೆ ಬೋಳಾದವರು. ಹಳ್ಳಿಯಿಂದ ಬಂದ ಹೆಂಗಸರಿಗೆ "ಏನಕ್ಕಾ, ಮಗಳ ಮದ್ವೆ ಆದ್ಮೇಲೆ ಈ ಕಡೆ ತಲೆನೇ ಹಾಕ್ಲಿಲ್ವಲ್ಲ" ಅನ್ನುವಾಗ ಅವರ ಕನ್ನಡದಲ್ಲಿ ಒಂದು ಕಲ್ಲು ಸಿಗುವುದಿಲ್ಲ. ರಾಯರ ತಲೆ ತಿರುವಿನಲ್ಲಿ ಕಂಡಿತೆಂದರೆ ಅಂಗಡಿ ಹುಡುಗ ಪಿಸುಗುಡುತ್ತಾನೆ: "ಅಣ್ಣಾ, ಶಾಲು ಮುನ್ನೂರೈವತ್ತಲ್ವಾ?"

"ಯಾರಿಗೆ?"

"ಕಮ್ ಕರೋ."

"ಆರ್ನೂರು ಹೇಳು."

ಆಮೇಲೆ ನಡೆಯುವುದನ್ನು ನೋಡಲು ಪಕ್ಕದ ಬಳೆ ಅಂಗಡಿಯವರೂ ಬಂದು ನಿಲ್ಲುತ್ತಾರೆ. "ಆಯಿಯೇ ಸಾಬ್" ಎಂದು ಮಾಲೀಕರು ಎದ್ದು ನಿಲ್ಲುತ್ತಾರೆ. ಶಾಲು ಬಿಚ್ಚುತ್ತಾರೆ. ರಾಯರು ಅದರ ಅಂಚು ಹಿಡಿದು ಎಳೆದು, ಮೂಸಿ, ಬೆಳಕಿಗೆ ಹಿಡಿದು, ಬೆಲೆ ಕೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಪುನರ್ವಿಚಾರ್ ಆಗುತ್ತದೆ. ಚಪ್ಪಲಿ ಮೆಟ್ಟಿಕೊಂಡು ಹೊರಟಂತೆ ಮಾಡುತ್ತಾರೆ. "ಅರೇ ಸಾಬ್, ಸುನಿಯೇ ತೋ" ಎಂದು ವಾಪಸ್ಸು ಕರೆಯುವ ಪದ್ಧತಿ ಉಂಟು, ಕರೆಯುತ್ತಾರೆ. ಕೊನೆಗೆ ನಾನೂರಕ್ಕೆ ಮುಗಿಯುತ್ತದೆ. ಮಾಲೀಕರು "ಆಪ್ ಕೇ ಸಾಮ್ನೇ ಹಮ್ ಹಾರ್ ಗಯೇ" ಎಂದು ಹಣೆ ಒರೆಸಿಕೊಂಡು ಚಹಾ ತರಿಸುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಜಿಲ್ಲೆ ಇದು; ಇಲ್ಲಿನವರಿಗೆ ನಾಟಕ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಐವತ್ತು ರೂಪಾಯಿ ಹೆಚ್ಚು ಕೊಟ್ಟು ಇನ್ನೂರು ರೂಪಾಯಿ ಉಳಿಸಿಕೊಂಡ ರಾಯರು ಎದೆ ಸೆಟೆಸಿ ಹೊರಗೆ ಬರುತ್ತಾರೆ. ಅದು ದುಬಾರಿ ಅಂತ ನನಗನ್ನಿಸುವುದಿಲ್ಲ. ನಿವೃತ್ತರಾದ ಮೇಲೆ ಇನ್ನೊಬ್ಬರಿಂದ "ಹಾರ್ ಗಯೇ" ಅನ್ನಿಸಿಕೊಳ್ಳುವ ಸುಖ ಐವತ್ತು ರೂಪಾಯಿಗೆ ಬೇರೆಲ್ಲಿ ಸಿಗುತ್ತದೆ?

ಅವರ ಹಿಂದಿಗೆ ಇರುವ ನಿಜವಾದ ಶತ್ರು ಲೆಕ್ಕ. ಹಿಂದಿಯಲ್ಲಿ ನೂರರ ತನಕ ಎಣಿಸುವುದು ಸುಲಭವಲ್ಲ. ಐವತ್ತೊಂಬತ್ತೂ ಅರವತ್ತೊಂಬತ್ತೂ ಎಪ್ಪತ್ತೊಂಬತ್ತೂ ಒಂದೊಂದು ಬೇರೆ ಮನೆತನದವು. ಮೂರು ವರ್ಷದ ಕಾನ್ಪುರ ಕೂಡ ಅದನ್ನು ಕಲಿಸಲಿಲ್ಲ. ಒಂದು ಸಲ ಹಣ್ಣಿನ ಬಿಲ್ಲು ಅರವತ್ತೇಳು ಆಯಿತು. ಅರವತ್ತೈದು ಕೊಡುತ್ತೇನೆ ಅನ್ನಬೇಕು. ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಬೀದಿಯಲ್ಲಿ ನಾಲ್ಕು ಜನ ನೋಡುತ್ತಿದ್ದಾರೆ, ಕನ್ನಡಕ್ಕೆ ಇಳಿಯುವಂತಿಲ್ಲ. "ಸತ್ತರ್ ಲೇ ಲೋ, ಖತಮ್ ಕರೋ" ಎಂದು ಎಪ್ಪತ್ತು ಕೊಟ್ಟು ಗೆದ್ದು ಬಂದರು. ಎದುರು ಮನೆಯ ಇಂಜಿನಿಯರ್ ಹುಡುಗ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನು, ಅವರ ಶಿಷ್ಯ. ಗುರುವನ್ನೂ ಮೀರಿಸಿದ. ಅಂಗಡಿಯವನು ಚಾರ್ಜರಿಗೆ "ಡೇಢ್ ಸೌ" ಅಂದ, ಅಂದರೆ ನೂರೈವತ್ತು. ಶಿಷ್ಯ ಮುಖ ಗಂಟು ಹಾಕಿ, "ನಹೀ ನಹೀ, ದೋ ಸೌ ಸೇ ಏಕ್ ರುಪಯಾ ಜ್ಯಾದಾ ನಹೀ" ಅಂದನಂತೆ. ಅಂಗಡಿಯವನು ತಕರಾರು ಮಾಡಲಿಲ್ಲ.

ಹಣ್ಣಿನ ಗಾಡಿಯ ಸಾಬರ ಜೊತೆ ನಡೆಯುವುದು ಮಾತ್ರ ವ್ಯಾಪಾರವಲ್ಲ, ಪಾಠ. ಅವರದು ನಮ್ಮ ಕಡೆಯ ದಖನಿ. ಅವರು "ನಕ್ಕೋ ಸಾಬ್" ಅನ್ನುತ್ತಾರೆ, "ಕೈಕು" ಅನ್ನುತ್ತಾರೆ. ರಾಯರಿಗೆ ಕಿವಿಯಲ್ಲಿ ಮರಳು ಹಾಕಿದಂತಾಗುತ್ತದೆ. "ಕೈಕು ನಹೀ, ಕ್ಯೋಂ ಬೋಲಿಯೇ" ಎಂದು ತಿದ್ದುತ್ತಾರೆ. ಸಾಬರು ಒಳ್ಳೆಯ ವಿದ್ಯಾರ್ಥಿ, "ಹೌ ಸಾಬ್, ಹೌ ಸಾಬ್" ಎಂದು ತಲೆ ಆಡಿಸುತ್ತಾ ಕೇಳುತ್ತಾರೆ. ಪಾಠ ನಡೆಯುತ್ತಿರುವಾಗ ಅವರ ಎಡಗೈ ತಕ್ಕಡಿಗೆ ಎರಡು ಮೆತ್ತಗಿನ ಸೇಬು ಸೇರಿಸಿರುತ್ತದೆ. ಗುರುದಕ್ಷಿಣೆ ಗುರುವಿನಿಂದಲೇ ವಸೂಲಾಗುವ ಜಾಗ ನಾನು ಬೇರೆ ಕಂಡಿಲ್ಲ.

ಎಳನೀರು ಮಾರುವ ಅಜ್ಜಿಯ ಹತ್ತಿರ ಅವರ ವಿದ್ಯೆ ನಡೆಯುವುದಿಲ್ಲ. ಕಲ್ಪತರು ನಾಡಿನಲ್ಲಿ ಎಳನೀರಿಗೆ ಚೌಕಾಸಿ ಮಾಡಿದರೆ ಅಜ್ಜಿ ಮಚ್ಚು ಕೆಳಗಿಟ್ಟು ಮಾತಾಡುತ್ತದೆ, ಅದು ಇನ್ನೂ ಅಪಾಯ. ರಾಯರು ಒಂದು ಬುರುಡೆ ತೋರಿಸಿ "ಕಿತನಾ?" ಅಂದರು.

"ಕಿತ್ತಿದ್ದಾ? ಇವತ್ ಬೆಳಿಗ್ಗೆನೇ ಕಿತ್ತಿದ್ದು ಕಣ್ ಸ್ವಾಮಿ."

"ನಹೀ ನಹೀ, ಕಿತನಾ, ಕಿತನಾ?"

"ಅಯ್ಯೋ, ನಮ್ ತ್ವಾಟದ್ದೇ, ನನ್ ಮಗನೇ ಕಿತ್ತಿದ್ದು. ನಂಬಿಕೆ ಇಲ್ದಿದ್ರೆ ಬುಡಿ."

ರಾಯರು ಕೇಳಿದಷ್ಟು ಕೊಟ್ಟು ಕುಡಿದರು.

ಸೂಪರ್ ಮಾರ್ಕೆಟ್ಟಿನಲ್ಲಿ ಅವರ ವಾದಕ್ಕೆ ಕಾನೂನಿನ ಬಲ ಇದೆ, ಅದನ್ನು ಒಪ್ಪಲೇಬೇಕು. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಬೆಲೆ, ಅದಕ್ಕಿಂತ ಹೆಚ್ಚಿಗೆ ಮಾರಬಾರದು. ಕಡಿಮೆಗೆ ಮಾರಿದರೆ ಬೇಡವೆಂದವರು ಯಾರು? "ಯಹ್ ಅಧಿಕತಮ್ ಹೈ ಬೇಟೀ, ನ್ಯೂನತಮ್ ನಹೀ" ಎಂದು ಬಿಲ್ಲಿಂಗ್ ಕೌಂಟರಿನ ಹುಡುಗಿಗೆ ವಿವರಿಸುತ್ತಾರೆ. ಹಿಂದೆ ಟ್ರಾಲಿಗಳ ಸಾಲು ಬೆಳೆಯುತ್ತದೆ. ಹುಡುಗಿ ಪರದೆಯಿಂದ ಕಣ್ಣೆತ್ತದೆ, "ಕಂಪ್ಯೂಟರ್ ತಗೊಳಲ್ಲ ಸಾರ್" ಅನ್ನುತ್ತಾಳೆ. ಸಕ್ಷಮ ಅಧಿಕಾರಿ ಕಂಪ್ಯೂಟರೇ ಆಗಿಬಿಟ್ಟರೆ ಯಾರನ್ನು ಕರೆಸುವುದು?

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಮಾತ್ರ ಅವರು ಅಚ್ಚ ಕನ್ನಡಿಗರು. "ಇನ್ನೊಂಚೂರು ಚಟ್ನಿ ಹಾಕಪ್ಪ" ಅನ್ನುವುದನ್ನು ಹಿಂದಿಯಲ್ಲಿ ಹೇಳಿ ಚಟ್ನಿ ಕಳೆದುಕೊಳ್ಳುವಷ್ಟು ಅವರು ದಡ್ಡರಲ್ಲ. ಸಿದ್ಧಗಂಗೆ ಜಾತ್ರೆಯ ದನದ ಪರಿಷೆಗೂ ಶಿವರಾತ್ರಿ ಹೊತ್ತಿಗೆ ಹೋಗಿಬರುತ್ತಾರೆ, ನೋಡಲಿಕ್ಕೆ. ಅಲ್ಲಿ ದಲ್ಲಾಳಿಗಳು ಟವೆಲ್ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು, ಬಾಯಲ್ಲಿ ಒಂದು ಮಾತಿಲ್ಲದೆ ಸಾವಿರಾರು ರೂಪಾಯಿ ಏರಿಸಿ ಇಳಿಸುತ್ತಾರೆ. "ಇವರಿಗೆ ಹಿಂದಿ ಬಂದಿದ್ದರೆ ಇನ್ನೂ ಬೇಗ ಮುಗೀತಿತ್ತು" ಅನ್ನುವುದು ರಾಯರ ಅಭಿಪ್ರಾಯ.

ಅವರ ಮನೆಯವರ ವಿಷಯ ಹೇಳಲಿಲ್ಲ. ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಶುರುಮಾಡಿಸಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಆಕೆ ಹೈಸ್ಕೂಲಿನಲ್ಲಿರುವಾಗಲೇ ಪಾಸು ಮಾಡಿದವರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಇಡೀ ವಠಾರಕ್ಕೆ ಅರ್ಥ ಹೇಳುತ್ತಿದ್ದವರು ಅವರೇ. ಆದರೆ ಪೇಟೆಯಲ್ಲಿ ಅವರ ಬಾಯಿಂದ ಒಂದು ಹಿಂದಿ ಅಕ್ಷರ ಬಿದ್ದಿದ್ದನ್ನು ಯಾರೂ ಕೇಳಿಲ್ಲ. "ಅದು ಓದೋಕೆ ಕಲಿತಿದ್ದು ಕಣಪ್ಪ, ಬದ್ನೆಕಾಯಿ ಕೊಳ್ಳೋಕಲ್ಲ" ಅನ್ನುತ್ತಾರೆ.

ಈಚೆಗೆ ಉತ್ತರದ ಹುಡುಗರು ಈ ಕಡೆ ಬಹಳ. ವಸಂತನರಸಾಪುರದ ಕಾರ್ಖಾನೆಗಳಿಗೆ ಬಂದವರು, ಪಾನಿಪುರಿ ಇಟ್ಟವರು, ಬೈಕಿನ ಮೇಲೆ ಬೆಡ್‌ಶೀಟ್ ಹೇರಿಕೊಂಡು ಬೀದಿ ಸುತ್ತುವವರು. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ದಿನವೇ ರಾಯರು "ಇನ್ನು ನೋಡ್ತಿರಿ, ನನ್ನ ಹಿಂದಿಗೆ ಬೆಲೆ ಬರುತ್ತೆ" ಎಂದಿದ್ದರು. ಬೆಲೆ ಮೊನ್ನೆ ನಮ್ಮ ಬೀದಿಗೇ ಬಂತು. ಬೆಡ್‌ಶೀಟ್ ಹುಡುಗ "ಅಕ್ಕಾ, ಬೆಡ್‌ಶೀಟ್, ಕಾಟನ್ ಬೆಡ್‌ಶೀಟ್" ಎಂದು ಕೂಗಿಕೊಂಡು ಬಂದ. ರಾಯರು ಗೇಟಿಗೆ ಧಾವಿಸಿ ಹಿಂದಿ ತೆಗೆದರು. ಹುಡುಗನಿಗೂ ಊರಿನ ಮಾತು ಕೇಳಿ ಖುಷಿಯಾಗಿರಬೇಕು, ಬೈಕಿನ ಸ್ಟ್ಯಾಂಡ್ ಹಾಕಿ ಏಳುನೂರರಿಂದ ಶುರುಮಾಡಿದ. ಕಾನ್ಪುರದ ಚಳಿ, ಗಂಗೆ, ರೈಲ್ವೆ ಸ್ಟೇಷನ್ ಎಲ್ಲ ಬಂದು ಹೋದವು. ಅರ್ಧ ಗಂಟೆಯ ಮೇಲೆ ನಾನೂರಕ್ಕೆ ಒಂದು ಬೆಡ್‌ಶೀಟ್ ರಾಯರ ತೋಳಿಗೆ ಬಂತು.

ಅಷ್ಟು ಹೊತ್ತಿಗೆ ಮನೆಯವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಕೇಳಿದರು: "ಎರಡು ತಗೊಂಡ್ರೆ ಎಷ್ಟಪ್ಪಾ?"

"ನಿಮ್ಗೆ ಆರ್ನೂರು ಅಮ್ಮಾ."

ರಾಯರು ಬಾಯಿ ಬಿಟ್ಟರು. ಹೊರಬಿದ್ದಿದ್ದು ಕನ್ನಡ. "ಏಯ್, ನನಗೆ ಒಂದಕ್ಕೆ ನಾನೂರು ಅಂದೆಯಲ್ಲೋ!"

ಹುಡುಗ ಗಾಬರಿಯಿಂದ ನೋಡಿದ. "ಸಾರ್, ನೀವು ಇಲ್ಲಿಯವ್ರಾ? ಮೊದ್ಲೇ ಹೇಳ್ಬಾರ್ದಾ ಸಾರ್!"

ಸಂಜೆ ಕಟ್ಟೆಯ ಮೇಲೆ ಸಿಕ್ಕಾಗ ರಾಯರು ಒಂದಿಷ್ಟೂ ಕುಗ್ಗಿರಲಿಲ್ಲ. "ಅರ್ಧ ಗಂಟೆ ಕೂತು ಅವನನ್ನು ಹದ ಮಾಡಿಟ್ಟಿದ್ದು ಯಾರು? ಅದಕ್ಕೇ ಇವಳಿಗೆ ಮುನ್ನೂರಕ್ಕೊಂದು ಸಿಕ್ತು. ಎರಡರ ಮೇಲೆ ಇನ್ನೂರು ಉಳಿತಾಯ. ಅದರಲ್ಲಿ ಅರ್ಧ ನನಗೆ ಬರಬೇಕು ಅಂತ ಅರ್ಜಿ ಹಾಕಿದ್ದೀನಿ. ಪುನರ್ವಿಚಾರ್ ಮಾಡ್ತೀನಿ ಅಂದಿದ್ದಾಳೆ."